ನಿಕ್ಕಲ್ ತುದಿಗಳ ‘ಶೇ. 1 ಲಕ್ಷ’ದ ಬಗ್ಗೆ ಒಂದು ಸ್ಪಷ್ಟನೆ

ಎರಡು ನಿಕ್ಕಲ್ ತಂತಿಗಳ ಚೂಪು ತುದಿಗಳನ್ನು ಕೆಲವೇ ಪರಮಾಣುಗಳಷ್ಟು ತಾಗಿಸಿ ಪಕ್ಕದಲ್ಲಿ ಮ್ಯಾಗ್ನೆಟ್ ಹಿಡಿದರೆ ರೆಸಿಸ್ಟೆನ್ಸ್ (ವಿದ್ಯುತ್ ಹರಿವಿಗೆ ಇರುವ ತಡೆ) ಶೇ. 1 ಲಕ್ಷದಷ್ಟು ಬದಲಾಗುತ್ತದೆ, ಹಾರ್ಡ್ ಡಿಸ್ಕ್ ಓದುವುದೂ ಹೀಗೆಯೇ ಎಂಬ ಮಾತು ಓಡಾಡುತ್ತಿದೆ. ಇದನ್ನು ಹಾಗೇ ನಂಬಬೇಡಿ.

ಸುಮ್ನೆ ಹುಟ್ಟಿದ ಮಾತಲ್ಲ ಇದು. 1999ರಲ್ಲಿ ಮ್ಯಾಡ್ರಿಡ್‌ನ ನಿಕೊಲಾಸ್ ಗಾರ್ಸಿಯಾ ತಂಡ ಶೇ. 200ಕ್ಕೂ ಜಾಸ್ತಿ ಬದಲಾವಣೆ ಕಂಡಿದ್ದಾಗಿ ಪ್ರಕಟಿಸಿತು. 2002ರಲ್ಲಿ ಅಮೆರಿಕದ ಇನ್ನೊಂದು ತಂಡ ಶೇ. 3000 ದಾಟಿತು ಎಂದಿತು. ಆಮೇಲೆ ಲಕ್ಷದ ಲೆಕ್ಕ ಬಂತು. ಅಳತೆ ಮಾಡಿದ್ದು ನಿಜ. ಆದರೆ ಕಾರಣ?

ನಿಕ್ಕಲ್‌ಗೆ ಒಂದು ಗುಣವಿದೆ. ಮ್ಯಾಗ್ನೆಟ್ ಹತ್ತಿರ ಬಂದರೆ ಅದು ಉದ್ದದಲ್ಲಿ ಚೂರು ಕುಗ್ಗುತ್ತದೆ, 10 ಲಕ್ಷದಲ್ಲಿ ಸುಮಾರು 30 ಪಾಲು. ಏನೂ ಅಲ್ಲ ಅನಿಸುತ್ತದೆ, ಅಲ್ವಾ? 1 ಮಿಲಿಮೀಟರ್ ತಂತಿಗೆ ಲೆಕ್ಕ ಹಾಕಿ ನೋಡಿ: 30 ನ್ಯಾನೋಮೀಟರ್. ನಿಕ್ಕಲ್‌ನಲ್ಲಿ ಅಕ್ಕಪಕ್ಕದ ಪರಮಾಣುಗಳ ನಡುವೆ ಇರುವುದೇ ಕಾಲು ನ್ಯಾನೋಮೀಟರ್! ಅಂದರೆ ತುದಿಗಳು ನೂರಕ್ಕೂ ಹೆಚ್ಚು ಪರಮಾಣುಗಳಷ್ಟು ಜರುಗಬಹುದು. ಜೊತೆಗೆ ತುದಿಗಳು ಒಂದನ್ನೊಂದು ಎಳೆಯುತ್ತವೆ. ಸಂಪರ್ಕ ಬಿಗಿಯಾದರೆ ರೆಸಿಸ್ಟೆನ್ಸ್ ಇಳಿಯುತ್ತದೆ, ಬಿಟ್ಟರೆ ಏರಲೇಬೇಕು. ಅದಕ್ಕೆ ಆ ತಂಡಗಳು ಹೇಳಿದಂತೆ ಎಲೆಕ್ಟ್ರಾನ್‌ಗಳ ಸ್ಪಿನ್ (ಪುಟ್ಟ ಮ್ಯಾಗ್ನೆಟ್‌ನಂತೆ ವರ್ತಿಸುವ ಅವುಗಳ ಗುಣ) ಕಾರಣವಾಗಬೇಕಿಲ್ಲ.

2004ರಲ್ಲಿ ಅಮೆರಿಕದ ಎಗಲ್‌ಹಾಫ್ ಮತ್ತು ಸಂಗಡಿಗರು ಅಳತೆಯ ದಾರಿ ತಪ್ಪಿಸುವ ಇಂಥ ಕಾರಣಗಳನ್ನು ಒಂದೊಂದಾಗಿ ತೋರಿಸಿದರು. ನನ್ನ ಮಟ್ಟಿಗೆ ಆ ಕೆಲಸ ದೊಡ್ಡ ಸಂಖ್ಯೆಗಳಿಗಿಂತ ಬೆಲೆಬಾಳುವಂಥದ್ದು.

ಹಾರ್ಡ್ ಡಿಸ್ಕ್ ಕಥೆ ಬೇರೆ. ಅಲ್ಲಿ ಕೆಲಸ ಮಾಡಿದ್ದು ತೆಳು ಪದರಗಳ ಜೈಂಟ್ ಮ್ಯಾಗ್ನೆಟೊರೆಸಿಸ್ಟೆನ್ಸ್, ಅಂದರೆ ಮ್ಯಾಗ್ನೆಟ್‌ನಿಂದ ಆ ಪದರಗಳ ರೆಸಿಸ್ಟೆನ್ಸ್ ಬಹಳ ಬದಲಾಗುವುದು. 1988ರಲ್ಲಿ ವಿಜ್ಞಾನಿಗಳಾದ ಫೆರ್ ಮತ್ತು ಗ್ರೂನ್‌ಬರ್ಗ್ ಕಂಡುಕೊಂಡದ್ದು, 2007ರಲ್ಲಿ ನೊಬೆಲ್ ಪಡೆದದ್ದು.