ಸತ್ಯಾಂಶ: ಆಹಾರದಿಂದ ‘ಗಂಡು ವೀರ್ಯಾಣು’ ಹೆಚ್ಚುವುದಿಲ್ಲ

ಕೆಲವು ಆಹಾರ ತಿಂದರೆ ಗಂಡು ಮಗುವಿಗೆ ಕಾರಣವಾಗುವ ವೈ ವರ್ಣತಂತುವಿನ (ವರ್ಣತಂತು ಎಂದರೆ ಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ) ವೀರ್ಯಾಣುಗಳೇ ಹೆಚ್ಚು ಹುಟ್ಟುತ್ತವೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು. ಇದನ್ನು ನಂಬಿ, ಗಂಡು ಮಗು ಹುಟ್ಟಲಿಲ್ಲವೆಂದು ಮನೆಯವರನ್ನು ದೂಷಿಸುವುದು ಅನ್ಯಾಯವೂ ಹೌದು.

ವೀರ್ಯಾಣುಗಳು ಹುಟ್ಟುವ ವೃಷಣದ ಮೂಲಕೋಶದಲ್ಲಿ 46 ವರ್ಣತಂತುಗಳಿವೆ. ಅವುಗಳಲ್ಲಿ ಎಕ್ಸ್ ಒಂದು, ವೈ ಒಂದು. ವಿಭಜನೆಗೆ ಮುನ್ನ ಪ್ರತಿಯೊಂದೂ ನಕಲಾಗುತ್ತದೆ. ಬಳಿಕ ಆ ಪುರುಷನಿಗೆ ಅವನ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ ಜೋಡಿಯಾಗಿ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನನಗೆ ಅತ್ಯಂತ ಸೋಜಿಗವೆನಿಸುವ ಹಂತವಿದು: ಗಾತ್ರದಲ್ಲಿ ಅಷ್ಟು ಭಿನ್ನವಾದ ಎಕ್ಸ್ ಮತ್ತು ವೈ ಕೂಡ ತುದಿಗಳಲ್ಲಷ್ಟೇ ಸೇರಿ ಜೋಡಿಯಾಗುತ್ತವೆ. ಮೊದಲ ವಿಭಜನೆಯಲ್ಲಿ ಎಕ್ಸ್ ಒಂದು ಕೋಶಕ್ಕೆ, ವೈ ಇನ್ನೊಂದಕ್ಕೆ ಹೋಗುತ್ತದೆ. ಎರಡನೆಯದರಲ್ಲಿ ನಕಲುಗಳು ಅಗಲುತ್ತವೆ. ಕೊನೆಗೆ ಸಿಗುವುದು ತಲಾ 23 ವರ್ಣತಂತುಗಳ ನಾಲ್ಕು ಕೋಶಗಳು: ಎರಡರಲ್ಲಿ ಎಕ್ಸ್, ಎರಡರಲ್ಲಿ ವೈ. ಹೀಗಾಗಿಯೇ ಎರಡೂ ಬಗೆಯ ವೀರ್ಯಾಣುಗಳು ಸರಿಸುಮಾರು ಸಮಸಂಖ್ಯೆಯಲ್ಲಿ ಹುಟ್ಟುತ್ತವೆ.