ಟಿಕೆಟ್ ಕೊಂಡು ಜಾಹೀರಾತು ಕೇಳಿ ಬಂದೆ

ವೆಬ್ ಪರ್ಫಾರ್ಮೆನ್ಸ್ ಮತ್ತು ಆಪರೇಷನ್ಸ್, ಅಂದರೆ ಜಾಲತಾಣಗಳ ವೇಗ ಮತ್ತು ನಿರ್ವಹಣೆಯ ಕುರಿತು ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ನಡೆದ ಸಮ್ಮೇಳನಕ್ಕೆ, ಕಂಪನಿ ಖರ್ಚು ಭರಿಸಲು ಒಪ್ಪದಿದ್ದರೂ, ರಜೆ ಹಾಕಿ ಕೈಯಿಂದಲೇ ಹಣ ಕಟ್ಟಿ ಹೋಗಿದ್ದೆ. ಊಟದ ಸಾಲು, ಕೊರೆಯುವ ಏಸಿ ಇವೆಲ್ಲ ಎಲ್ಲ ಕಡೆಯೂ ಇರುವಂಥದ್ದೇ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಟಿಕೆಟಿನ ಹಣ ಪಡೆದ ಮೇಲೂ ನಮ್ಮನ್ನು ಗಿರಾಕಿಗಳಂತೆ ಕೂರಿಸಿ ಸರಕು ಮಾರಿದ್ದರ ಬಗ್ಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.

ವೇಳಾಪಟ್ಟಿಯನ್ನು ಅಚ್ಚು ಹಾಕಿಸಿರಲಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲಿನಲ್ಲೇ ನೋಡಬೇಕಿತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು, ಪುಟದ ಭಾಗಗಳು ಇದ್ದಕ್ಕಿದ್ದಂತೆ ಜಾಗ ಬದಲಿಸುವುದನ್ನು ಅಳೆಯುವ ಲೇಔಟ್ ಅಲುಗಾಟದ ಅಂಕ 0.1 ದಾಟಬಾರದು, ನೂರರಲ್ಲಿ 75 ಭೇಟಿಗಳಿಗಾದರೂ ಈ ಅನುಭವ ಸಿಗಬೇಕು ಎಂಬ ಗೂಗಲ್‌ನ ಅಳತೆಗೋಲನ್ನು ವೇದಿಕೆಯ ಮೇಲೆ ಪಠಿಸುತ್ತಿದ್ದಾಗಲೇ, ಸಮ್ಮೇಳನದ ಸ್ವಂತ ಪುಟ ನನ್ನ ಕೈಯಲ್ಲಿ ಬಿಳಿಯಾಗಿ ನಿಂತಿತ್ತು. ಕೊನೆಗೊಮ್ಮೆ ತೆರೆದುಕೊಂಡಾಗ ನಾನು ಎರಡನೇ ಸಭಾಂಗಣದ ಹೆಸರನ್ನು ಒತ್ತಲು ಹೋದರೆ, ಅದೇ ಕ್ಷಣದಲ್ಲಿ ಮೇಲಿನಿಂದ ಪ್ರಾಯೋಜಕರ ಬ್ಯಾನರ್ ಇಳಿದು, ಪಟ್ಟಿಯೆಲ್ಲ ಕೆಳಗೆ ಸರಿದು, ನನ್ನ ಬೆರಳು ಜಾಹೀರಾತಿನ ಮೇಲೆ ಬಿತ್ತು. ಆ ಬ್ಯಾನರ್ ಚಿತ್ರದ ಅಗಲ ಮತ್ತು ಎತ್ತರವನ್ನು ಪುಟದ ಕೋಡಿನಲ್ಲಿ ಮೊದಲೇ ಬರೆದಿಟ್ಟಿದ್ದರೆ ಬ್ರೌಸರ್ ಅಷ್ಟು ಜಾಗವನ್ನು ಕಾದಿರಿಸುತ್ತಿತ್ತು. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠವದು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ಭಾಷಣಗಳ ಕಥೆ ಇದಕ್ಕಿಂತ ಕಡೆ. ಶೀರ್ಷಿಕೆಯಲ್ಲಿ ‘ಅನುಭವದ ಪಾಠಗಳು’ ಎಂದಿರುತ್ತದೆ. ಮೂರನೆಯ ಸ್ಲೈಡಿಗೆ ಬರುವಷ್ಟರಲ್ಲಿ ಅದು ಸೈಟಿನ ಮೇಲೆ ಕಣ್ಣಿಡಲು ಅವರೇ ಮಾರುವ ಮಾನಿಟರಿಂಗ್ ಸಾಧನದ ಪ್ರಾತ್ಯಕ್ಷಿಕೆಯಾಗಿರುತ್ತದೆ. ಒಬ್ಬರು ತೋರಿಸಿದ ಗ್ರಾಫಿನಲ್ಲಿ ಗೆರೆ ಚೆಂದವಾಗಿ ಕೆಳಗಿಳಿದಿತ್ತು, ಆದರೆ ಪಕ್ಕದ ಅಕ್ಷದ ಮೇಲೆ ಒಂದು ಅಂಕಿಯೂ ಇರಲಿಲ್ಲ. ಅದು ಸರಾಸರಿಯೋ ಅಥವಾ 99ನೇ ಪರ್ಸೆಂಟೈಲೋ, ಅಂದರೆ ನೂರರಲ್ಲಿ 99 ಅಳತೆಗಳು ದಾಟದ ಮಿತಿಯೋ, ಎಂದು ಸಭಿಕರೊಬ್ಬರು ಕೇಳಿದ್ದಕ್ಕೆ, ನಮ್ಮ ಸ್ಟಾಲಿಗೆ ಬನ್ನಿ, ವಿವರವಾಗಿ ಮಾತಾಡೋಣ ಎಂಬ ಉತ್ತರ ಬಂತು. ಸರಾಸರಿಯ ಹಿಂದೆ ಎಷ್ಟು ಬಳಕೆದಾರರ ಗೋಳನ್ನು ಬಚ್ಚಿಡಬಹುದೆಂಬುದು ಆ ಸಭಾಂಗಣದಲ್ಲಿ ಕುಳಿತಿದ್ದ ಯಾರಿಗೆ ತಾನೆ ಗೊತ್ತಿಲ್ಲ?

ಈ ಕ್ಷೇತ್ರದ ಸಮ್ಮೇಳನಗಳು ಹೀಗೇ ಇರಬೇಕೆಂದೇನೂ ಇಲ್ಲ. 2009ರಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಡೆದ ವೆಲಾಸಿಟಿ ಸಮ್ಮೇಳನದಲ್ಲಿ, ಪರಸ್ಪರ ಪೈಪೋಟಿಯಲ್ಲಿದ್ದ ಗೂಗಲ್ ಮತ್ತು ಮೈಕ್ರೋಸಾಫ್ಟ್‌ನ ಹುಡುಕಾಟ ತಾಣ ಬಿಂಗ್‌ನವರು ಒಂದೇ ವೇದಿಕೆಯಲ್ಲಿ ನಿಂತು, ತಮ್ಮ ಹುಡುಕಾಟವನ್ನು ಬೇಕೆಂದೇ ನಿಧಾನಗೊಳಿಸಿ ನೋಡಿದ ಪ್ರಯೋಗಗಳ ಫಲಿತಾಂಶವನ್ನು ಬಿಚ್ಚಿಟ್ಟಿದ್ದರು. 100ರಿಂದ 400 ಮಿಲಿಸೆಕೆಂಡಿನ ವಿಳಂಬಕ್ಕೇ ಗೂಗಲ್‌ನಲ್ಲಿ ತಲಾ ಹುಡುಕಾಟ ಶೇ. 0.2ರಿಂದ 0.6ರಷ್ಟು ಕುಸಿದಿತ್ತು, ಬಿಂಗ್‌ನಲ್ಲಿ ಎರಡು ಸೆಕೆಂಡಿನ ವಿಳಂಬ ತಲಾ ಆದಾಯವನ್ನು ಶೇ. 4.3ರಷ್ಟು ಇಳಿಸಿತ್ತು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಡಿಪ್ಲಾಯ್ ಮಾಡುವುದು, ಅಂದರೆ ಹೊಸ ಕೋಡನ್ನು ಬಳಕೆದಾರರಿಗೆ ತಲುಪಿಸುವುದು, ಹೇಗೆಂದು ಫೋಟೊ ಹಂಚುವ ತಾಣ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ವಿವರಿಸಿದ್ದೂ ಅಲ್ಲಿಯೇ. ಅಲ್ಲಿ ಪ್ರಾಯೋಜಕರು ಇರಲಿಲ್ಲವೆಂದಲ್ಲ. ಆದರೆ ಕೇಳಲು ಹೋದವರಿಗೆ ಅಂಕಿಯಾದರೂ ಸಿಕ್ಕಿತ್ತು.

ನಮ್ಮಲ್ಲಿ ಅಂಥದ್ದು ಇರಲೇ ಇಲ್ಲವೆಂದರೆ ಅನ್ಯಾಯವಾದೀತು. ಚಿಕ್ಕ ಕಂಪನಿಯೊಂದರ ಹೆಣ್ಣುಮಗಳೊಬ್ಬಳು, ಸೈಟು ಅಸಲಿಯೆಂದು ಬ್ರೌಸರಿಗೆ ಸಾಬೀತುಪಡಿಸುವ ಟಿಎಲ್‌ಎಸ್ ಸರ್ಟಿಫಿಕೇಟಿನ ಅವಧಿ ಮುಗಿದು ನಡುರಾತ್ರಿ ಸೈಟು ಮಲಗಿದ್ದನ್ನು, ಎಚ್ಚರಿಕೆಯ ಇಮೇಲುಗಳು ಕೆಲಸ ಬಿಟ್ಟುಹೋದವರ ವಿಳಾಸಕ್ಕೆ ಹೋಗುತ್ತಿದ್ದುದನ್ನು, ಯಾರನ್ನೂ ದೂರದೆ ನಿಮಿಷ ನಿಮಿಷದ ಲೆಕ್ಕ ಕೊಟ್ಟು ವಿವರಿಸಿದಳು. ಸೈಟು ಕೆಟ್ಟಾಗ ಕೂಗುವ ಪೇಜರ್ ಸದ್ದಿಗೆ ರಾತ್ರಿ ಎದ್ದು ಕೂರುವ ನಮ್ಮಂಥವರಿಗೆ ಬೇಕಾಗಿದ್ದದ್ದು ಇದೇ. ಅವಳಿಗೆ ಕೊಟ್ಟಿದ್ದು ಮಾತ್ರ ಊಟದ ಹೊತ್ತು ಮತ್ತು ಎಲ್ಲಕ್ಕಿಂತ ಸಣ್ಣ ಕೋಣೆ. ಜನ ನೆಲದ ಮೇಲೆ ಕುಳಿತು ಕೇಳಿದರು. ದೊಡ್ಡ ಸಭಾಂಗಣದಲ್ಲಿ ಆಗ ಪ್ರಾಯೋಜಕರೊಬ್ಬರು ಖಾಲಿ ಕುರ್ಚಿಗಳಿಗೆ ಕೃತಕ ಬುದ್ಧಿಮತ್ತೆಯ ಮಹಿಮೆ ಸಾರುತ್ತಿದ್ದರು.

ಸ್ಟಾಲಿನಲ್ಲಿ ಟೀ ಶರ್ಟಿನ ನೆಪದಲ್ಲಿ ಬ್ಯಾಡ್ಜ್ ಸ್ಕ್ಯಾನ್ ಮಾಡಿಕೊಂಡವರೆಲ್ಲ ಈಗ ಕೆಲಸದ ಹೊತ್ತಿನಲ್ಲೇ ಫೋನ್ ಮಾಡುತ್ತಿದ್ದಾರೆ. ಹಣ ಕೊಟ್ಟು ಪಡೆದ ಭಾಷಣಕ್ಕೆ ವೇಳಾಪಟ್ಟಿಯಲ್ಲೇ ‘ಪ್ರಾಯೋಜಿತ’ ಎಂದು ನಮೂದಿಸುವಷ್ಟು ಮರ್ಯಾದೆಯನ್ನಾದರೂ ಆಯೋಜಕರು ತೋರಿಸಬೇಕು. ಇದನ್ನೇ ಅಭಿಪ್ರಾಯ ಪತ್ರದಲ್ಲಿ ಬರೆಯೋಣವೆಂದರೆ, ಅದರಲ್ಲಿ ಭಾಷಣಗಳ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕಡ್ಡಾಯವಾಗಿ ತುಂಬಬೇಕಾದದ್ದು ನಮ್ಮ ಸಂಸ್ಥೆಯಲ್ಲಿ ಖರೀದಿಯ ನಿರ್ಧಾರ ಯಾರದು ಎಂಬುದನ್ನು ಮಾತ್ರ.