ನಮ್ಮ ಮನೆಯ ಕಿಂಗ್‌ಸ್ನೇಕ್ ಮತ್ತು ಅದರ ಊಟದ ಲೆಕ್ಕ

ಅಮೆರಿಕದ ಸ್ಯಾನ್ ಹೋಸೆಯ ನಮ್ಮ ಮನೆಯ ಗರಾಜಿನಲ್ಲಿ ಒಂದು ಪುಟ್ಟ ಫ್ರೀಜರ್ ಇದೆ. ಅದರ ತುಂಬ ಇರುವುದು ಇಲಿಗಳು. ಚಾತುರ್ಮಾಸ್ಯದಲ್ಲಿ ಈರುಳ್ಳಿಯನ್ನೂ ಮುಟ್ಟದ ನನ್ನ ಅಮ್ಮ ತುಮಕೂರಿನಿಂದ ಬಂದು ನಮ್ಮೊಡನೆ ಐದು ತಿಂಗಳು ಇದ್ದಾಗ ಆ ಫ್ರೀಜರಿನ ಕಡೆಗೆ ಒಂದು ದಿನವೂ ಕಣ್ಣೆತ್ತಿ ನೋಡಲಿಲ್ಲವಾದರೂ, ವಾರಕ್ಕೆರಡು ಬಾರಿಯಾದರೂ ‘ಪಾಪ, ಅದಕ್ಕೆ ಇವತ್ತು ಏನಾದರೂ ಹಾಕಿದೆಯೇನೋ?’ ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ‘ಅದು’ ಎಂದರೆ ಮಗಳ ಹಟಕ್ಕೆ ಮಣಿದು 2021ರಲ್ಲಿ ನಾವು ತಂದ ಹಾವು, ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಮೈಮೇಲೆ ಕಪ್ಪು ಬಿಳುಪಿನ ಉಂಗುರಗಳಿರುವುದರಿಂದ ಮಗಳು ಇಟ್ಟ ಹೆಸರು ಬಳೆರಾಯ. ತಂದ ದಿನ ಅದು ಶಾಲೆಯ ಮಕ್ಕಳ ಅಡಿಪಟ್ಟಿಯಷ್ಟು ಉದ್ದವೂ ಇರಲಿಲ್ಲ, ತೂಕ ಹತ್ತು ಗ್ರಾಂ.

ಊರಿನ ಗೆಳೆಯರಿಗೆ ಈ ವಿಷಯ ಹೇಳಿದಾಗಲೆಲ್ಲ ಅವರು ಇದನ್ನು ಕಾಳಿಂಗ ಸರ್ಪವೆಂದೇ ತಿಳಿದು ಗಾಬರಿಯಾಗುತ್ತಾರೆ. ಆಗುಂಬೆಯ ಕಾಡಿನ ಕಾಳಿಂಗಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಅದು ನಾಗರಹಾವಿನ ಕುಟುಂಬದ ವಿಷದ ಹಾವು, ಇದು ಲ್ಯಾಂಪ್ರೊಪೆಲ್ಟಿಸ್ ಎಂಬ ಕುಲಕ್ಕೆ ಸೇರಿದ, ವಿಷವಿಲ್ಲದ, ಬೇಟೆಯನ್ನು ಸುತ್ತಿ ಹಿಸುಕಿ ಕೊಲ್ಲುವ ಹಾವು. ಎರಡಕ್ಕೂ ಸಮಾನವಾದದ್ದು ಇತರ ಹಾವುಗಳನ್ನು ತಿನ್ನುವ ಅಭ್ಯಾಸ. ಇಲ್ಲಿನ ಗುಡ್ಡಗಳಲ್ಲಿ ಕಿಂಗ್‌ಸ್ನೇಕ್ ರ‍್ಯಾಟಲ್‌ಸ್ನೇಕನ್ನೂ ನುಂಗುತ್ತದೆ, ಅದರ ವಿಷವನ್ನು ತಾಳಿಕೊಳ್ಳುವ ಶಕ್ತಿ ಇದರ ರಕ್ತದಲ್ಲಿದೆ. ಇದನ್ನು ಓದಿ ಭಾರತದಲ್ಲಿರುವ ಯಾರೂ ಹಿತ್ತಲಿನ ಹಾವನ್ನು ಹಿಡಿದು ಸಾಕಲು ಹೊರಡಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ನಾನು ಈ ಬರಹದಲ್ಲಿ ವಾದಿಸಬೇಕೆಂದಿರುವುದು ಒಂದೇ ವಿಷಯ: ಮನೆಯಲ್ಲಿ ಸಾಕಿದ ಕಿಂಗ್‌ಸ್ನೇಕ್ ಹಸಿವಿನಿಂದ ಕೆಡುವುದಕ್ಕಿಂತ ನಮ್ಮ ಅಕ್ಕರೆಯಿಂದ ಕೆಡುವುದೇ ಹೆಚ್ಚು. ಮನೆಗೆ ಬಂದವರನ್ನು ‘ಊಟ ಆಯಿತೇ’ ಎಂದು ಕೇಳುವುದರಿಂದಲೇ ಮಾತು ಆರಂಭಿಸುವ ನಮ್ಮಂಥವರಿಗೆ, ಗಾಜಿಗೆ ಮೂಗು ತಾಗಿಸಿ ನಾಲಿಗೆ ಆಡಿಸುತ್ತಿರುವ ಜೀವಿಯೊಂದನ್ನು ನೋಡಿಯೂ ಏನೂ ಹಾಕದೆ ಸುಮ್ಮನಿರುವುದು ಬಹಳ ಕಷ್ಟದ ಕೆಲಸ. ಬಾಲ್ ಪೈಥಾನಿನಂಥ ಹಾವುಗಳು ತಿಂಗಳುಗಟ್ಟಲೆ ಊಟ ಬಿಟ್ಟು ಸಾಕಿದವರನ್ನು ಅಳಿಸುತ್ತವೆ. ಕಿಂಗ್‌ಸ್ನೇಕಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಕಾಡಿನಲ್ಲಿ ಇಂದು ಓತಿಕೇತ, ಇನ್ನೊಂದು ದಿನ ಹಕ್ಕಿಯ ಮೊಟ್ಟೆ, ಮತ್ತೆ ಎಷ್ಟೋ ದಿನ ಏನೂ ಇಲ್ಲ ಎಂಬ ಬದುಕಿಗೆ ಹೊಂದಿಕೊಂಡ ಈ ಹಾವು ಸಿಕ್ಕಿದ್ದನ್ನೆಲ್ಲ ನುಂಗಿಬಿಡುತ್ತದೆ. ನಿನ್ನೆ ತಾನೇ ತಿಂದಿದ್ದರೂ ಇಂದು ಇಲಿಯ ವಾಸನೆ ಬಂದರೆ ಮೇಲೆರಗುತ್ತದೆ. ಆದ್ದರಿಂದ ಅದು ಕೇಳುತ್ತಿದೆಯೆಂಬ ಕಾರಣಕ್ಕೆ ಹಾಕುವುದು ಲೆಕ್ಕವಲ್ಲ.

ಮೊದಲ ವರ್ಷ ನಾನು ಮಾಡಿದ್ದು ಅದನ್ನೇ. ಮರಿಗೆ ಐದರಿಂದ ಏಳು ದಿನಗಳಿಗೊಮ್ಮೆ ಒಂದು ಪಿಂಕಿ, ಅಂದರೆ ಇನ್ನೂ ಕೂದಲು ಮೂಡದ ಇಲಿಮರಿ, ಸಾಕು. ನಾನು ಮೂರು ದಿನಕ್ಕೊಮ್ಮೆ, ಕೆಲವೊಮ್ಮೆ ಜೋಡಿಯಾಗಿ, ಹಾಕುತ್ತಿದ್ದೆ. ಹಾವು ಕಣ್ಣೆದುರಿಗೇ ಬೆಳೆಯುತ್ತಿದ್ದುದರಿಂದ ಹೆಮ್ಮೆಯೂ ಆಗುತ್ತಿತ್ತು. ಸರೀಸೃಪಗಳನ್ನು ನೋಡುವ ಪಶುವೈದ್ಯೆಯೊಬ್ಬರ ಬಳಿ ವರ್ಷದ ಕೊನೆಗೆ ತೋರಿಸಲು ಒಯ್ದಾಗ ಅವರು ಅದರ ಬಾಲದ ಬುಡವನ್ನು ಎರಡು ಬೆರಳಿನ ನಡುವೆ ಹಿಡಿದು, ಅಲ್ಲಿ ಮೆತ್ತಗೆ ಉಬ್ಬಿದ್ದ ಕೊಬ್ಬನ್ನು ನನ್ನ ಬೆರಳಿಗೂ ಮುಟ್ಟಿಸಿದರು. ಮೈ ಬಾಗಿದಲ್ಲಿ ಹುರುಪೆಗಳ ನಡುವೆ ಚರ್ಮ ಹಿಗ್ಗಿ ಕಾಣುತ್ತಿದ್ದುದನ್ನೂ ತೋರಿಸಿದರು. ಹೊಟ್ಟೆಯಲ್ಲಿ ಕೊಬ್ಬು ಕಟ್ಟಿಕೊಂಡು ಯಕೃತ್ತಿಗೂ ಇಳಿದರೆ ಹದಿನೈದು ಇಪ್ಪತ್ತು ವರ್ಷ ಬಾಳಬೇಕಾದ ಹಾವು ಅರ್ಧ ಆಯುಸ್ಸಿಗೇ ಹೋಗಬಹುದೆಂದು ಅವರು ಹೇಳಿದಾಗ ನನಗೆ ನಾಚಿಕೆಯಾಯಿತು.

ಅಂದಿನಿಂದ ನನ್ನ ಆಧಾರ ತಕ್ಕಡಿ. ಅಡುಗೆಗೆ ಬಳಸದ, ಗ್ರಾಂ ತೋರಿಸುವ ಒಂದು ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿಯಿಟ್ಟು ಎರಡು ವಾರಕ್ಕೊಮ್ಮೆ ತೂಗಿ ಬರೆದಿಡುತ್ತೇನೆ. ಎಳೆಯ ಹಾವಿಗೆ ಅದರ ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ತೂಗುವ ಇಲಿ ಸರಿಹೋಗುತ್ತದೆ. ತಕ್ಕಡಿ ಇಲ್ಲದವರು ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿಯನ್ನು ಆರಿಸಬಹುದು. ನುಂಗಿದ ಮೇಲೆ ಹೊರಗಿನಿಂದ ಸಣ್ಣ ಉಬ್ಬು ಕಂಡರೆ ಸಾಕು, ಚೆಂಡು ನುಂಗಿದಂತೆ ಕಾಣಬಾರದು. ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಗಳಿಗೊಂದು ಇಲಿ ಧಾರಾಳವಾಯಿತು. ಇಲಿಯನ್ನು ಇಡಿಯಾಗಿ ಕೊಡುವುದರಿಂದ ಮೂಳೆಯಿಂದ ಕ್ಯಾಲ್ಸಿಯಂ, ಯಕೃತ್ತಿನಿಂದ ವಿಟಮಿನ್ ಎ ಸಿಗುತ್ತವೆ. ಪುಡಿ, ಟಾನಿಕ್ಕುಗಳ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಜೀವಂತ ಇಲಿಯನ್ನೇ ಹಾಕಬೇಕು, ಅದೇ ಪ್ರಕೃತಿ ಸಹಜ ಎಂದು ಹಾವು ಕೊಂಡ ಅಂಗಡಿಯವನು ನನಗೆ ಬುದ್ಧಿ ಹೇಳಿದ್ದ. ಈ ಮಾತನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಓಡಿ ತಪ್ಪಿಸಿಕೊಳ್ಳಲು ಬಿಲವಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಪ್ರಕೃತಿ ಎಲ್ಲಿಂದ ಬರಬೇಕು? ಹಾವಿಗೆ ಹಸಿವಿಲ್ಲದ ದಿನ ಮೂಲೆಗೆ ಸಿಕ್ಕಿದ ಇಲಿ ತಿರುಗಿಬಿದ್ದು ಅದರ ಕಣ್ಣನ್ನೋ ಬೆನ್ನನ್ನೋ ಮೂಳೆ ಕಾಣುವಷ್ಟು ಕಡಿದುಹಾಕಿದ ಉದಾಹರಣೆಗಳಿವೆ. ಇಲಿಗೂ ಅದು ಕ್ರೂರ ಸಾವೇ. ಹೆಪ್ಪುಗಟ್ಟಿಸಿದ ಇಲಿಯನ್ನು ರಾತ್ರಿಯೇ ಪ್ರತ್ಯೇಕ ಡಬ್ಬಿಯಲ್ಲಿ ಕರಗಲು ಇಟ್ಟು, ಕೊಡುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ನಾನದ ನೀರಿನಷ್ಟು ಬೆಚ್ಚಗಿನ ನೀರಿನಲ್ಲಿ ಇರಿಸಿದರೆ ಆಯಿತು. ಮೈಕ್ರೋವೇವಿನಲ್ಲಿಟ್ಟರೆ ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜಾಗಿಯೇ ಉಳಿಯುತ್ತದೆ. ಅದು ನಮ್ಮ ಊಟ ಬಿಸಿಮಾಡುವ ಪೆಟ್ಟಿಗೆ ಎಂಬುದಂತೂ ಸರಿಯೇ. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುವುದಿಲ್ಲವಾದ್ದರಿಂದ ಡಬ್ಬಿ, ಇಕ್ಕಳಗಳು ಅಡುಗೆಮನೆಯ ಸಿಂಕಿಗೆ ಬರಬಾರದು, ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪಗಳು ಬೇಡವೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ. ನಾವೂ ಮಗಳಿಗೆ ಎಂಟು ತುಂಬುವವರೆಗೆ ಕಾದೆವು.

ಉಣಿಸುವ ಹೊತ್ತನ್ನು ಹತ್ತಿರದಿಂದ ನೋಡಬೇಕು. ಹೆಬ್ಬಾವಿಗೆ ತುಟಿಯ ಅಂಚಿನಲ್ಲಿ ಶಾಖ ಗ್ರಹಿಸುವ ಕುಳಿಗಳಿರುತ್ತವೆ, ಕಿಂಗ್‌ಸ್ನೇಕಿಗೆ ಇಲ್ಲ. ಇಲಿ ಬೆಚ್ಚಗಿರಬೇಕಾದದ್ದು ಮುಖ್ಯವಾಗಿ ವಾಸನೆ ಹರಡಲೆಂದು. ಉದ್ದನೆಯ ಇಕ್ಕಳದಲ್ಲಿ ಇಲಿಯ ಸೊಂಟ ಹಿಡಿದು ತಲೆ ಮುಂದಾಗುವಂತೆ ಚಾಚಿದರೆ, ಬಳೆರಾಯ ತೆಂಗಿನ ನಾರಿನ ಪುಡಿಯೊಳಗಿನಿಂದ ತಲೆಯಷ್ಟನ್ನೇ ಹೊರಗಿಟ್ಟು ನಾಲಿಗೆಯನ್ನು ನಾಲ್ಕಾರು ಬಾರಿ ನಿಧಾನವಾಗಿ ಆಡಿಸುತ್ತದೆ, ಆಮೇಲೆ ನಿಲ್ಲಿಸುತ್ತದೆ. ಆ ನಿಲುಗಡೆಯ ಮರುಕ್ಷಣ ಇಕ್ಕಳ ಕೈಯಲ್ಲಿ ಜಗ್ಗಿದಂತಾಗುತ್ತದೆ. ಸತ್ತ ಇಲಿಯೇ ಆದರೂ ಅದನ್ನು ಸ್ಪ್ರಿಂಗಿನಂತೆ ಒಪ್ಪವಾಗಿ ಮೂರು ಸುತ್ತು ಸುತ್ತಿ ಹಿಸುಕದೆ ಬಿಡುವುದಿಲ್ಲ. ಡೇವಿಡ್ ಪೆನ್ನಿಂಗ್ ಮತ್ತು ಬ್ರಾಡ್ ಮೂನ್ ಎಂಬ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಂಗ್‌ಸ್ನೇಕಿಗೆ ಅದು ತಿನ್ನುವ ರ‍್ಯಾಟ್‌ಸ್ನೇಕ್ ಎಂಬ ವಿಷವಿಲ್ಲದ ಹಾವಿಗಿಂತ ಹೆಚ್ಚಿನ ಸ್ನಾಯುವೇನೂ ಇಲ್ಲ, ಆದರೂ ಅದರ ಹಿಡಿತದ ಒತ್ತಡ ಹೆಚ್ಚು ಎಂದು ಕಂಡುಕೊಂಡರು. ಈ ಅಚ್ಚುಕಟ್ಟಾದ ಸುತ್ತಿನ ಭಂಗಿಯೇ ಅದಕ್ಕೆ ಕಾರಣವಿರಬಹುದೆಂಬುದು ಅವರ ವಿವರಣೆ. ಒತ್ತಿ ಮುಗಿದ ಮೇಲೆ ತಲೆಯ ಕಡೆಯನ್ನು ಹುಡುಕಿ, ಎಡ ದವಡೆ ಒಂದು ಹೆಜ್ಜೆ, ಬಲ ದವಡೆ ಒಂದು ಹೆಜ್ಜೆ ಎಂಬಂತೆ ಇಲಿಯ ಮೇಲೆ ನಡೆದುಹೋಗುತ್ತದೆ. ಎಲ್ಲ ಮುಗಿದಾಗ ಎರಡು ಬಾರಿ ಬಾಯಿ ಅಗಲಿಸಿ ಆಕಳಿಸುತ್ತದೆ. ಸಡಿಲಾದ ದವಡೆಯನ್ನು ಸರಿಯಾಗಿ ಕೂರಿಸಿಕೊಳ್ಳುವುದು ಹಾಗೆ.

ತಿಂದದ್ದು ಮೈಗೂಡಬೇಕಾದರೆ ಬೆಚ್ಚಗಿನ ಜಾಗ ಬೇಕು. ಪೆಟ್ಟಿಗೆಯ ಒಂದು ತುದಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 23ರ ಆಸುಪಾಸಿನಲ್ಲಿರಬೇಕು, ಎರಡು ಕಡೆಯೂ ಅಡಗಲು ಮರೆ ಇರಬೇಕು, ಬೆಚ್ಚಗಿಡುವ ವಿದ್ಯುತ್ ಹಾಸಾದ ಹೀಟ್ ಮ್ಯಾಟಿಗೆ ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಒಮ್ಮೆ ನಾನು ಕಸ ಗುಡಿಸುವಾಗ ಹೀಟ್ ಮ್ಯಾಟಿನ ಪ್ಲಗ್ ಕಿತ್ತುಬಂದದ್ದನ್ನು ಗಮನಿಸಲಿಲ್ಲ. ಹಿಂದಿನ ಸಂಜೆ ಇಲಿ ತಿಂದಿತ್ತು. ಮೂರನೆಯ ದಿನ ಕೋಣೆಯ ಬಾಗಿಲು ತೆಗೆದಾಗ ಬಂದ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಮೈ ತಣ್ಣಗಾದಾಗ ಜೀರ್ಣಕ್ರಿಯೆ ನಿಂತು, ಹೊಟ್ಟೆಯಲ್ಲೇ ಕೊಳೆಯತೊಡಗಿದ ಇಲಿಯನ್ನು ಹಾವು ಕಕ್ಕಿಬಿಟ್ಟಿತ್ತು. ತಿಂದ ನಲವತ್ತೆಂಟು ಗಂಟೆಯೊಳಗೆ ಎತ್ತಿ ಆಡಿಸಿದರೂ, ದೊಡ್ಡ ಇಲಿ ಕೊಟ್ಟರೂ ಹೀಗೆಯೇ ಆಗಬಹುದು. ಅಂಥ ಸಮಯದಲ್ಲಿ ‘ಪಾಪ, ಹೊಟ್ಟೆ ಖಾಲಿಯಾಯಿತು’ ಎಂದು ಕೂಡಲೇ ಇನ್ನೊಂದು ಹಾಕುವುದು ದೊಡ್ಡ ತಪ್ಪು; ನೀರು ಮಾತ್ರ ಇಟ್ಟು ಹತ್ತರಿಂದ ಹದಿನಾಲ್ಕು ದಿನ ಬಿಟ್ಟು, ಅನಂತರ ಮಾಮೂಲಿಗಿಂತ ಅರ್ಧ ಗಾತ್ರದ್ದನ್ನು ಕೊಡಬೇಕು. ಮತ್ತೆ ಮತ್ತೆ ಕಕ್ಕಿದರೆ ವೈದ್ಯರ ಬಳಿಗೆ ಒಯ್ಯಲೇಬೇಕು.

ಹಾಲಿನ ವಿಷಯವನ್ನು ಅಮ್ಮ ಕೇಳಿಯೇ ಕೇಳಿದರು. ನಾಗರಪಂಚಮಿಯ ದಿನ ಬಟ್ಟಲಲ್ಲಿ ಸ್ವಲ್ಪ ಇಟ್ಟರೇನು ಎಂದರು. ಕಲ್ಲಿನ ನಾಗನಿಗೆ ಎರೆಯೋಣ, ಬಳೆರಾಯನಿಗೆ ನೀರೇ ಸಾಕು ಎಂದೆ. ಕೇರೆ ಹಾವು ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆಂದು ನಮ್ಮಲ್ಲಿ ಹೇಳುವಂತೆಯೇ ಅಮೆರಿಕದ ರೈತರೂ ಕೊಟ್ಟಿಗೆಯಲ್ಲಿ ಇಲಿ ಹುಡುಕಿ ಬರುತ್ತಿದ್ದ ಹಾವೊಂದಕ್ಕೆ ಹಾಲು ಕದಿಯುವ ಅಪವಾದ ಹೊರಿಸಿ ಮಿಲ್ಕ್‌ಸ್ನೇಕ್ ಎಂದು ಹೆಸರಿಟ್ಟರು. ಅದು ಕಿಂಗ್‌ಸ್ನೇಕಿನದೇ ಕುಲದ ಹಾವು ಎಂದಾಗ ಅಮ್ಮನಿಗೆ ನಗು ಬಂತು.

ಜೊತೆಗೊಂದು ಇರಲಿ ಎಂದು ಮಗಳು ಕೇಳಿದಾಗಲೂ ಬೇಡವೆಂದೆ. ಹಾವನ್ನು ತಿನ್ನುವ ಹಾವಿಗೆ ಜೊತೆಗಾರನೂ ಊಟವೇ. ಮುಚ್ಚಳಕ್ಕೆ ನಾಲ್ಕೂ ಕಡೆ ಕೊಕ್ಕೆ ಹಾಕುವುದನ್ನು ಮಾತ್ರ ಅವಳಿಗೇ ವಹಿಸಿದ್ದೇನೆ. ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕಿದವರ ಕೈತಪ್ಪಿದ ಇದೇ ಜಾತಿಯ ಹಾವುಗಳು 1998ರಿಂದೀಚೆಗೆ ಕಾಣಿಸಿಕೊಂಡು, ಹಾವುಗಳೇ ಇಲ್ಲದ ಆ ನೆಲದಲ್ಲಿ ಮಾತ್ರ ಇರುವ ದೈತ್ಯ ಹಲ್ಲಿಗಳನ್ನು ಹಲವೆಡೆ ಬಹುತೇಕ ಇಲ್ಲವಾಗಿಸಿವೆ.

ಈಗ ಚಳಿಗಾಲ. ಬೆಳೆದ ಹಾವು ನವೆಂಬರಿನಿಂದ ತಾನಾಗಿಯೇ ಊಟದ ಆಸೆ ಬಿಟ್ಟು ತಣ್ಣಗಿನ ಮೂಲೆಗೆ ಸರಿಯುವುದುಂಟು. ಬಳೆರಾಯ ಕೊನೆಯ ಇಲಿಯನ್ನು ತಿಂದು ಒಂಬತ್ತು ವಾರಗಳಾದವು, ಕಳೆದ ಭಾನುವಾರ ತೂಗಿದಾಗ 352 ಇದ್ದದ್ದು 347 ಗ್ರಾಂ ಆಗಿತ್ತು. ಮೈ ಬಿಗಿಯಾಗಿದೆ, ಕಣ್ಣು ತಿಳಿಯಾಗಿದೆ, ನೀರು ಕುಡಿಯುತ್ತಿದೆ. ಅಮ್ಮ ವಿಡಿಯೋ ಕರೆಯಲ್ಲಿ ನೋಡಿ ‘ಸೊರಗಿದೆ’ ಎಂದರು. ಅಂಕಿಗಳನ್ನು ಓದಿ ಹೇಳಿದೆ, ಅವರು ನಂಬಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ ಒಂದು ಸಣ್ಣ ಇಲಿಯನ್ನು ಕರಗಿಸುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ.